ಮನೆಗೆ ಗಟ್ಟಿಂಗ್ ಮಷಿನ್ ತರುವ ಮೊದಲು: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದಲ್ಲಿ ಶಟಲ್ ಆಡುವವರಿಗೆ ಬರವಿಲ್ಲ. ಗದ್ದೆ ಕೊಯ್ಲು ಮುಗಿಯುವುದೇ ತಡ, ಬಯಲಲ್ಲಿ ಕಂಬ ನೆಟ್ಟು, ಲೈಟ್ ಕಟ್ಟಿ, ಹೊನಲು ಬೆಳಕಿನ ಟೂರ್ನಿ ಶುರುವಾಗುತ್ತದೆ. ಗಟ್, ಅಂದರೆ ಬ್ಯಾಟಿಗೆ ಬಲೆಯ ಹಾಗೆ ಬಿಗಿದ ದಾರ, ಕಡಿದರೆ ಮಾತ್ರ ಪಜೀತಿ. ಕಾರವಾರದವರು ಮಡಗಾಂವ್ ಕಡೆ ನೋಡುತ್ತಾರೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿ ಕಡೆ. ಅದಕ್ಕೇ "ಗಟ್ ಬಿಗಿಯುವ ಗಟ್ಟಿಂಗ್ ಮಷಿನ್ ನಾನೇ ಒಂದು ತಂದರೆ ಹೇಗೆ?" ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಒಬ್ಬೊಬ್ಬರಿಗೂ ಅದನ್ನೇ ಹೇಳುವ ಬದಲು ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ಇದು ಮುಖ್ಯವಾಗಿ ಬ್ಯಾಡ್ಮಿಂಟನ್‌ನವರಿಗೆ. ಟೆನಿಸ್ ಆಡುವವರಿಗೂ ಕೆಳಗೆ ಒಂದು ಉತ್ತರ ಇದೆ.

ನನಗೆ ನಿಜವಾಗಿ ಮಷಿನ್ ಬೇಕಾ?

ನೀವು ಒಬ್ಬರೇ ಆಡುವವರಾಗಿದ್ದು, ವರ್ಷಕ್ಕೆ ಎರಡು ಮೂರು ಸಲ ಗಟ್ ಕಡಿಯುತ್ತದೆ ಅಂದರೆ ಬೇಡ. ಇನ್ನೊಂದು ಬ್ಯಾಟ್ ತೆಗೆದುಕೊಳ್ಳಿ. ಒಂದನ್ನು ಗಟ್ಟಿಂಗಿಗೆ ಕಳಿಸಿ, ಇನ್ನೊಂದರಲ್ಲಿ ಆಡಿ.

ಲೆಕ್ಕ ಹೀಗೆ ಹಾಕಿ. ಮಷಿನ್ನಿಗೆ 30,000 ರೂಪಾಯಿ ಆಯಿತು ಎಂದಿಟ್ಟುಕೊಳ್ಳಿ. ಮನೆಯಲ್ಲೇ ಮಾಡಿಕೊಂಡರೆ ಕೂಲಿ ಮತ್ತು ಪಾರ್ಸೆಲ್ ಖರ್ಚು ಸೇರಿ ಒಂದು ಬ್ಯಾಟಿಗೆ 200 ರೂಪಾಯಿ ಉಳಿಯಿತು. ಹಾಕಿದ ದುಡ್ಡು ವಾಪಸ್ ಬರಲು 150 ಬ್ಯಾಟ್ ಆಗಬೇಕು. ತಿಂಗಳಿಗೆ ಒಂದೇ ಬ್ಯಾಟ್ ಆದರೆ ಹನ್ನೆರಡು ವರ್ಷ ದಾಟುತ್ತದೆ, ಅಷ್ಟು ಹೊತ್ತಿಗೆ ಮೊಣಕಾಲು ಹೋಗಿ ಆಟವೇ ಬಿಟ್ಟಿರುತ್ತೀರಿ. ಅದೇ ನಿಮ್ಮ ಗುಂಪಿನಲ್ಲಿ ಹತ್ತು ಜನ ಇದ್ದು, ಪ್ರತಿಯೊಬ್ಬರದ್ದೂ ಎರಡು ತಿಂಗಳಿಗೊಮ್ಮೆ ಕಡಿದರೆ ವರ್ಷಕ್ಕೆ 60 ಬ್ಯಾಟ್. ಎರಡೂವರೆ ವರ್ಷದಲ್ಲಿ ಮಷಿನ್ ಪುಕ್ಕಟೆ ಆದ ಹಾಗೆ.

ಮನೆಯಲ್ಲಿ ತರಬೇತಿಗೆ ಹೋಗುವ ಮಕ್ಕಳಿದ್ದರೆ ಲೆಕ್ಕವೇ ಬೇರೆ. ಅಲ್ಲಿ ದುಡ್ಡಿಗಿಂತ ದಿನ ಮುಖ್ಯ. ಶನಿವಾರ ಟೂರ್ನಿ, ಗುರುವಾರ ಸಂಜೆ ಗಟ್ ಕಡಿಯಿತು, ಬಸ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದ ಬ್ಯಾಟ್ ಯಾವಾಗ ವಾಪಸ್ ಬರುತ್ತದೋ ಎಂದು ಬಸ್ ಸ್ಟ್ಯಾಂಡಿನಲ್ಲಿ ಕಾಯುವುದಿದೆಯಲ್ಲ, ಅದಕ್ಕೆ ಬೆಲೆ ಕಟ್ಟುವುದು ಕಷ್ಟ.

ಎಷ್ಟು ಬಗೆ ಇದೆ? ಯಾವುದು ಹೇಗೆ ಕೆಲಸ ಮಾಡುತ್ತದೆ?

ಗಟ್ ಎಳೆಯುವ ರೀತಿ ನೋಡಿದರೆ ಮೂರು ಬಗೆ.

ಡ್ರಾಪ್ ವೇಯ್ಟ್: ಒಂದು ಕಬ್ಬಿಣದ ಸರಳು, ಅದರ ಮೇಲೆ ಹಿಂದೆ ಮುಂದೆ ಜರುಗಿಸುವ ಒಂದು ತೂಕ. ತೂಕವನ್ನು ತುದಿಯ ಕಡೆ ಒಯ್ದಷ್ಟೂ ಎಳೆತ ಜಾಸ್ತಿ. ಎಳೆತವನ್ನು ಪೌಂಡಿನಲ್ಲಿ ಅಳೆಯುತ್ತಾರೆ, ಸರಳಿನ ಮೇಲೆ ಅದರ ಗುರುತು ಇರುತ್ತದೆ. ಗಟ್ಟನ್ನು ಮಷಿನ್ನಿನ ಹಿಡಿಕೆಗೆ ಸಿಕ್ಕಿಸಿ ಸರಳನ್ನು ನಿಧಾನ ಕೆಳಗೆ ಬಿಡಬೇಕು. ಅದು ನೆಲಕ್ಕೆ ಸಮಾನಾಂತರವಾಗಿ ಬಂದು ನಿಂತರೆ ಹೇಳಿದಷ್ಟು ಪೌಂಡ್ ಬಿತ್ತು ಎಂದರ್ಥ. ಗಟ್ ಸ್ವಲ್ಪ ಹಿಗ್ಗಿದರೂ ತೂಕ ಎಳೆಯುತ್ತಲೇ ಇರುತ್ತದೆ. ಕರೆಂಟ್ ಬೇಡ, ಸ್ಪ್ರಿಂಗ್ ಇಲ್ಲ, ಹಾಳಾಗುವಂಥದ್ದು ಏನೂ ಇಲ್ಲ. ಸರಳು ಪೂರ್ತಿ ಮಟ್ಟವಾಗದೆ ಐದು ಡಿಗ್ರಿ ಮೇಲೆ ಕೆಳಗೆ ಆದರೆ ಬರುವ ವ್ಯತ್ಯಾಸ ಶೇಕಡಾ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಪ್ರತಿ ಸಲ ಮಟ್ಟಗೋಲು ಹಿಡಿದು ಕೂರಬೇಕಿಲ್ಲ. ಕೆಟ್ಟದ್ದೇನು ಅಂದರೆ ನಿಧಾನ.

ಕ್ರ್ಯಾಂಕ್: ಕೈಯಿಂದ ಹ್ಯಾಂಡಲ್ ತಿರುಗಿಸುತ್ತೀರಿ, ಒಳಗೆ ಸ್ಪ್ರಿಂಗ್ ಇದೆ, ಗೊತ್ತು ಮಾಡಿದ ಎಳೆತ ಬಂದ ಕೂಡಲೇ ಟಕ್ ಎಂದು ಲಾಕ್ ಆಗುತ್ತದೆ. ಬೇಗ ಆಗುತ್ತದೆ. ಆದರೆ ಲಾಕ್ ಆದ ಮೇಲೆ ಅದು ಎಳೆಯುವುದಿಲ್ಲ, ಗಟ್ ಮಾತ್ರ ಹಿಗ್ಗುತ್ತಲೇ ಇರುತ್ತದೆ. ಅದಕ್ಕೇ ಇದರಲ್ಲಿ 24 ಪೌಂಡಿಗೆ ಹಾಕಿದ ಬ್ಯಾಟ್ ಡ್ರಾಪ್ ವೇಯ್ಟಿನ 24ಕ್ಕಿಂತ ಸ್ವಲ್ಪ ಸಡಿಲ ಅನ್ನಿಸುತ್ತದೆ. ಆಗಾಗ ಎಳೆತ ಸರಿ ಇದೆಯಾ ಎಂದು ಪರೀಕ್ಷಿಸಿ ನೋಡಲೂ ಬೇಕು, ಸ್ಪ್ರಿಂಗ್ ಅಲ್ವಾ.

ಎಲೆಕ್ಟ್ರಾನಿಕ್: ಬಟನ್ ಒತ್ತಿದರೆ ಮೋಟಾರ್ ಎಳೆಯುತ್ತದೆ, ಸೆನ್ಸರ್ ಅಳೆಯುತ್ತದೆ, ಗಟ್ ಹಿಗ್ಗಿದರೆ ಮತ್ತೆ ಎಳೆದು ಸರಿ ಮಾಡುತ್ತದೆ. ಗಂಟು ಹಾಕುವ ಎಳೆಗೆ ಮಾತ್ರ ಸ್ವಲ್ಪ ಹೆಚ್ಚು ಎಳೆಯುವುದು, ಮೊದಲೇ ಒಮ್ಮೆ ಎಳೆದು ಬಿಡುವುದು, ಎಳೆಯುವ ವೇಗ ಬದಲಿಸುವುದು ಎಲ್ಲ ಇರುತ್ತದೆ. ಅಂಗಡಿ ಇಡುವವರಿಗೆ ಇದೇ ಸರಿ.

ಹಾಗಾದರೆ ದುಡ್ಡಿದ್ದವರು ಎಲೆಕ್ಟ್ರಾನಿಕ್ ತೆಗೆದುಕೊಳ್ಳುವುದೇ ಒಳ್ಳೆಯದಲ್ವಾ?

ನನ್ನ ಅಭಿಪ್ರಾಯ ಬೇರೆ. ಎಲ್ಲರೂ ಎಳೆಯುವುದನ್ನೇ ನೋಡುತ್ತಾರೆ. ಬ್ಯಾಟನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದನ್ನು ಯಾರೂ ನೋಡುವುದಿಲ್ಲ. ಬ್ಯಾಟ್ ಒಡೆಯುವುದು, ಫ್ರೇಮ್ ಸೊಟ್ಟಗಾಗುವುದು ಎಲ್ಲ ಹಿಡಿತದ ತಪ್ಪಿನಿಂದಲೇ ಜಾಸ್ತಿ.

ಸ್ವಲ್ಪ ಲೆಕ್ಕ ನೋಡಿ. ಸಾಮಾನ್ಯ ಬ್ಯಾಡ್ಮಿಂಟನ್ ಬ್ಯಾಟಿನಲ್ಲಿ ಉದ್ದಕ್ಕೆ 22 ಎಳೆ. ಒಂದೊಂದಕ್ಕೂ 24 ಪೌಂಡ್ ಹಾಕಿದರೆ ಒಟ್ಟು 528 ಪೌಂಡ್, ಅಂದರೆ ಹೆಚ್ಚುಕಮ್ಮಿ 240 ಕೆಜಿ. ಇಷ್ಟೂ ಎಳೆತವನ್ನು 4ಯು ಎಂದು ತೂಕದ ದರ್ಜೆ ಬರೆದಿರುವ, 85 ಗ್ರಾಂ ಕೂಡ ತೂಗದ ಬ್ಯಾಟ್ ತಡೆದುಕೊಳ್ಳಬೇಕು. ಅಡ್ಡದ ಎಳೆ ಹಾಕುವವರೆಗೆ ಫ್ರೇಮಿನ ತಲೆ ಮತ್ತು ಕುತ್ತಿಗೆ ಒಂದನ್ನೊಂದು ಒಳಕ್ಕೆ ಎಳೆಯುತ್ತಿರುತ್ತವೆ, ಪಕ್ಕೆಗಳು ಹೊರಕ್ಕೆ ಉಬ್ಬುತ್ತವೆ. ಆಮೇಲೆ ಅಡ್ಡದ ಎಳೆ ಬಿಗಿದಾಗ ಪಕ್ಕೆ ಒಳಗೆ ಬಂದು ಆಕಾರ ಸರಿಯಾಗುತ್ತದೆ. ಈ ನಡುವಿನ ಹೊತ್ತಿನಲ್ಲಿ ಫ್ರೇಮಿಗೆ ಆಸರೆ ಕೊಡುವುದೇ ಮಷಿನ್ನಿನ ದೊಡ್ಡ ಕೆಲಸ.

ಅಗ್ಗದ ಮಷಿನ್‌ಗಳು ತಲೆ ಮತ್ತು ಕುತ್ತಿಗೆ, ಎರಡೇ ಕಡೆ ಹಿಡಿಯುತ್ತವೆ. ಒಳ್ಳೆಯವು ಆರು ಕಡೆ: ತಲೆ, ಕುತ್ತಿಗೆ, ಎರಡೂ ಪಕ್ಕೆಗೆ ಎರಡೆರಡು. ಎರಡು ಕಡೆ ಹಿಡಿಯುವ ಮಷಿನ್ನಿನಲ್ಲೂ ನುರಿತವರು ಚೆನ್ನಾಗಿ ಹಾಕುತ್ತಾರೆ, ಅದು ಸುಳ್ಳಲ್ಲ. ಆದರೆ ಮನೆಯಲ್ಲಿ ಹೊಸದಾಗಿ ಕಲಿಯುವವರಿಗೆ, ಅದೂ 26, 27 ಪೌಂಡ್ ಹಾಕುವ ಆಸೆ ಇರುವವರಿಗೆ, ಆರು ಕಡೆ ಹಿಡಿಯುವುದೇ ಬೇಕು. ಎರಡು ಕಡೆ ಹಿಡಿಯುವ ಎಲೆಕ್ಟ್ರಾನಿಕ್ಕೋ, ಆರು ಕಡೆ ಹಿಡಿಯುವ ಡ್ರಾಪ್ ವೇಯ್ಟೋ ಎಂದು ಕೇಳಿದರೆ ನಾನು ಕಣ್ಣು ಮುಚ್ಚಿ ಎರಡನೆಯದನ್ನೇ ಹೇಳುತ್ತೇನೆ.

ಕ್ಲ್ಯಾಂಪ್ ಅಂದರೆ ಏನು? ಅದರಲ್ಲೂ ಬಗೆ ಇದೆಯಂತೆ?

ಒಂದು ಎಳೆ ಎಳೆದ ಮೇಲೆ ಮುಂದಿನದನ್ನು ಎಳೆಯುವವರೆಗೆ ಅದು ಸಡಿಲವಾಗದ ಹಾಗೆ ಕಚ್ಚಿ ಹಿಡಿಯುವ ಇಕ್ಕಳ ಅದು. ತೇಲುವ ಕ್ಲ್ಯಾಂಪ್ ಪಕ್ಕದ ಎಳೆಯನ್ನೇ ಆಸರೆ ಮಾಡಿಕೊಂಡು ನಿಲ್ಲುತ್ತದೆ. ಸ್ವಲ್ಪ ವಾಲುತ್ತದೆ, ವಾಲಿದಷ್ಟು ಎಳೆತ ಹೋಗುತ್ತದೆ. ಇನ್ನೊಂದು ಬಗೆಯದು ಮಷಿನ್ನಿನ ತಳಕ್ಕೇ ಭದ್ರವಾಗಿ ಕೂರುವ ಫಿಕ್ಸೆಡ್ ಕ್ಲ್ಯಾಂಪ್. ಬೆಲೆ ಜಾಸ್ತಿ, ಆದರೆ ಪ್ರತಿ ಎಳೆಯೂ ಒಂದೇ ಸಮ ಬರುತ್ತದೆ.

ಇಲ್ಲಿ ತುಂಬಾ ಜನ ಮೋಸ ಹೋಗುವ ಒಂದು ವಿಷಯ ಇದೆ. ಟೆನಿಸ್ ಬ್ಯಾಟಿನಲ್ಲಿ ಎಳೆ ದಪ್ಪ, ನಡುವೆ ಜಾಗವೂ ಜಾಸ್ತಿ. ಟೆನಿಸ್‌ಗೆ ಮಾಡಿದ ಕ್ಲ್ಯಾಂಪಿನ ಹಲ್ಲು ದಪ್ಪ ಇರುವುದರಿಂದ ಶಟಲ್ ಬ್ಯಾಟಿನ ಒತ್ತೊತ್ತಾದ ಎಳೆಗಳ ನಡುವೆ ತೂರುವುದೇ ಇಲ್ಲ. ತೂರಿದರೂ 0.65 ಮಿಲಿಮೀಟರ್ ದಪ್ಪದ ಗಟ್ಟನ್ನು ಕಚ್ಚುವುದಿಲ್ಲ, ಜಾರುತ್ತದೆ. ಮಾರುವವರು "ಎಲ್ಲಾ ಆಟಕ್ಕೂ ಆಗುತ್ತದೆ" ಎನ್ನುತ್ತಾರೆ. ಬ್ಯಾಡ್ಮಿಂಟನ್ ಕ್ಲ್ಯಾಂಪ್ ಜೊತೆಗೇ ಬರುತ್ತದಾ, ಬೇರೆ ಕೊಳ್ಳಬೇಕಾ ಎಂದು ಕೇಳಿ. ಫ್ರೇಮಿನ ತಲೆಯ ಹತ್ತಿರ ಭಾರ ಹಂಚುವ ಸಣ್ಣ ಪ್ಲಾಸ್ಟಿಕ್ ತುಂಡು ಬರುತ್ತದಾ ಎಂದೂ ಕೇಳಿ. ಎರಡಕ್ಕೂ ಹೌದು ಎಂದರೆ ಅದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ, ಫೋನಿನಲ್ಲಿ ಆಡಿದ ಮಾತಿಗೆ ಆಮೇಲೆ ಸಾಕ್ಷಿ ಇರುವುದಿಲ್ಲ.

ಕೊಳ್ಳುವಾಗ ಇನ್ನೇನು ನೋಡಬೇಕು?

ಬ್ಯಾಟ್ ಕೂರುವ ಮೇಜು ಸುತ್ತ 360 ಡಿಗ್ರಿ ತಿರುಗಬೇಕು, ಎಲ್ಲೂ ಸರಳಿಗೆ ತಾಗಬಾರದು. ಡ್ರಾಪ್ ವೇಯ್ಟ್ ಆದರೆ 18ರಿಂದ 30 ಪೌಂಡಿನವರೆಗೆ ಗುರುತು ಸ್ಪಷ್ಟ ಇರಬೇಕು. ಕೆಲವು ಮಷಿನ್ನಿನಲ್ಲಿ ಕೆಳಗಿನ ಪೌಂಡಿಗೆ ಸಣ್ಣ ತೂಕವನ್ನು ಬೇರೆ ಹಾಕಬೇಕಾಗುತ್ತದೆ, ಅದು ಡಬ್ಬಿಯಲ್ಲಿ ಇದೆಯೋ ನೋಡಿ. ಅಲುಗಾಡಿಸಿ ನೋಡಿ, ಕಟಕಟ ಎಂದರೆ ಬೇಡ. ಬಣ್ಣ, ಹೊಳಪು ನೋಡಿ ಮರುಳಾಗಬೇಡಿ.

ಉಪ್ಪುಗಾಳಿಗೆ ಮಷಿನ್ ತುಕ್ಕು ಹಿಡಿಯುವುದಿಲ್ಲವಾ? ನಮ್ಮ ಮನೆ ಕೋಡಿಬಾಗದಲ್ಲಿ, ಕಿಟಕಿ ತೆಗೆದರೆ ಸಮುದ್ರ.

ಹಿಡಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಕಾರವಾರ, ಅಂಕೋಲಾ, ಭಟ್ಕಳದವರಿಗೆ ಗೇಟು, ಸೈಕಲ್ಲು, ಫ್ರಿಜ್ಜಿನ ಕಾಲು ಏನಾಗುತ್ತದೆ ಎಂದು ಹೇಳಿಕೊಡಬೇಕಿಲ್ಲ. ಮೊದಲು ತುಕ್ಕು ಬರುವುದು ಸರಳಿಗೆ, ಸ್ಕ್ರೂಗಳಿಗೆ, ಕ್ಲ್ಯಾಂಪ್ ಜರುಗುವ ಪಟ್ಟಿಗೆ. ಸಮುದ್ರದ ಕಡೆಯ ಕೋಣೆಯಲ್ಲಿ ಇಡಬೇಡಿ. ಕೆಲಸ ಮುಗಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಪಟ್ಟಿಗೂ ಸರಳಿಗೂ ಹೊಲಿಗೆ ಮಷಿನ್ನಿನ ಎಣ್ಣೆ ತೆಳ್ಳಗೆ ಸವರಿ, ಬಟ್ಟೆ ಮುಚ್ಚಿಡಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೇ ತೇವ ಕೂರುತ್ತದೆ.

ಒಂದು ಎಚ್ಚರಿಕೆ. ಕ್ಲ್ಯಾಂಪಿನ ಹಲ್ಲಿಗೆ, ಗಟ್ ಹಿಡಿಯುವ ಹಿಡಿಕೆಗೆ ಎಣ್ಣೆ ತಾಗಲೇಬಾರದು. ತಾಗಿದರೆ ಗಟ್ ಜಾರುತ್ತದೆ. ಅವನ್ನು ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಟೂತ್‌ಬ್ರಷ್‌ನಿಂದ ತೊಳೆಯಿರಿ. ಗಟ್ಟಿನ ಮೇಲಿನ ಮೇಣದಂಥ ಲೇಪ ಹಲ್ಲಿಗೆ ಅಂಟಿ ಕೂರುವುದರಿಂದ ಹತ್ತಿಪ್ಪತ್ತು ಬ್ಯಾಟಿಗೊಮ್ಮೆ ಹೇಗೂ ಇದನ್ನು ಮಾಡಬೇಕು.

ಶಿರಸಿ, ಸಿದ್ದಾಪುರದ ಕಡೆ ಉಪ್ಪಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಅಲ್ಲಿ ಮಷಿನ್ನಿಗಿಂತ ಗಟ್ಟಿಗೆ ತೊಂದರೆ. ನೈಲಾನ್ ತೇವ ಹೀರಿಕೊಂಡು ಮೆತ್ತಗಾಗುತ್ತದೆ. ರೀಲನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಹಪ್ಪಳದ ಡಬ್ಬಿ ಖಾಲಿ ಇದ್ದರೆ ಅದೇ ಸಾಕು.

ಮಳೆಗಾಲದಲ್ಲಿ ಕರೆಂಟ್ ಇರುವುದೇ ಇಲ್ಲ. ಎಲೆಕ್ಟ್ರಾನಿಕ್ ತಂದರೆ ಹೇಗೆ?

ಅರ್ಧಕ್ಕೆ ಕರೆಂಟ್ ಹೋದರೆ ಬ್ಯಾಟಿಗೆ ಏನೂ ಆಗುವುದಿಲ್ಲ. ಫಿಕ್ಸೆಡ್ ಕ್ಲ್ಯಾಂಪ್ ಕೈಯಿಂದ ಬಿಗಿಯುವಂಥದ್ದು, ಅದು ಹಿಡಿದೇ ಇರುತ್ತದೆ, ನೀವು ಚಹಾ ಕುಡಿದು ಬರಬಹುದು. ಆದರೆ ಉದ್ದದ ಎಳೆ ಮಾತ್ರ ಹಾಕಿ ರಾತ್ರಿಯಿಡೀ ಬಿಟ್ಟರೆ ಫ್ರೇಮಿಗೆ ಒಳ್ಳೆಯದಲ್ಲ. ಇನ್ವರ್ಟರ್ ಇದ್ದವರು ಅದು ಸೈನ್ ವೇವ್ ಇನ್ವರ್ಟರ್ ಹೌದೋ ಎಂದು ನೋಡಿಕೊಳ್ಳಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಇಂಥ ಸೂಕ್ಷ್ಮ ಯಂತ್ರ ಜೋಡಿಸಬೇಡಿ. ಗುಡುಗು ಸಿಡಿಲು ಇದ್ದಾಗ ಪ್ಲಗ್ ಕಿತ್ತಿಡಿ. ಮರ ಬಿದ್ದು ದಿನಗಟ್ಟಲೆ ಕತ್ತಲಾಗುವ ಯಲ್ಲಾಪುರ, ಜೋಯಿಡಾದ ಒಳಗಿನ ಹಳ್ಳಿಯವರಿಗೆ ಡ್ರಾಪ್ ವೇಯ್ಟೇ ವಾಸಿ.

ಎಲ್ಲಿಂದ ತರಿಸಬೇಕು?

ನಮ್ಮ ಜಿಲ್ಲೆಯ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಇದನ್ನು ಇಟ್ಟುಕೊಂಡಿರುತ್ತಾರೆ ಎಂದು ಆಸೆ ಇಟ್ಟುಕೊಳ್ಳಬೇಡಿ. ಬೆಂಗಳೂರಿನ ಡೀಲರ್ ಅಥವಾ ಆನ್‌ಲೈನ್. ಡೀಲರ್ ಹತ್ತಿರ ಕೊಂಡರೆ ಸ್ವಲ್ಪ ಜಾಸ್ತಿ ಆಗಬಹುದು, ಆದರೆ ಮುಟ್ಟಿ ನೋಡಬಹುದು, ಆಮೇಲೆ ಬಿಡಿಭಾಗ ಕೇಳಲು ಒಂದು ಫೋನ್ ನಂಬರ್ ಇರುತ್ತದೆ. ಒಂದು ದಿನ ರಜೆ ಹಾಕಿ ಹೋಗಿ, ಅವರ ಎದುರೇ ಒಂದು ಬ್ಯಾಟ್ ಹಾಕಿಸಿ ನೋಡಿ.

ಹೊರದೇಶದಿಂದ ನೇರ ತರಿಸುವವರು ತೋರಿಸಿದ ಬೆಲೆಯನ್ನೇ ನಂಬಬೇಡಿ. ಅದರ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಎಲ್ಲ ಕೂಡುತ್ತದೆ. ಕೊರಿಯರ್‌ನವರು ಕೆವೈಸಿ ದಾಖಲೆ ಕೇಳುತ್ತಾರೆ. ಮೇಜಿನ ಮೇಲಿಡುವ ಡ್ರಾಪ್ ವೇಯ್ಟೇ ಹತ್ತು ಕೆಜಿ ಆಸುಪಾಸು ಇರುವುದರಿಂದ ಸಾಗಣೆಯೇ ದೊಡ್ಡ ಮೊತ್ತ. ಮುರಿದು ಬಂದರೆ ವಾಪಸ್ ಕಳಿಸುವುದು ಕನಸು.

ಪಾರ್ಸೆಲ್ ಬಂದಾಗ ಡಬ್ಬಿ ಒಡೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ. ಮತ್ತೆ ಮಳೆಗಾಲದಲ್ಲಿ ತರಿಸಬೇಡಿ ಮಾರಾಯ್ರೇ. ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಕುಸಿದು ಲಾರಿ ನಿಂತರೆ ನಿಮ್ಮ ಮಷಿನ್ ಯಾವುದೋ ಗೋಡೌನಿನಲ್ಲಿ ನೆನೆಯುತ್ತಿರುತ್ತದೆ.

ಹಳೆಯ ಮಷಿನ್ ಸಿಕ್ಕರೆ ತೆಗೆದುಕೊಳ್ಳಬಹುದಾ?

ಡ್ರಾಪ್ ವೇಯ್ಟ್ ಆದರೆ ಧೈರ್ಯವಾಗಿ. ಕ್ಲ್ಯಾಂಪ್ ಜಾರುತ್ತದಾ, ಎಲ್ಲ ತುಂಡುಗಳೂ ಇವೆಯಾ, ಇಷ್ಟೇ ನೋಡಬೇಕು. ಬೋಲ್ಟು, ಗುಬಟೆಯಂಥದ್ದು ಹೋದರೆ ಊರಿನ ಲೇತ್ ಅಂಗಡಿಯಲ್ಲೇ ಮಾಡಿಸಬಹುದು. ಎಲೆಕ್ಟ್ರಾನಿಕ್ ಆದರೆ ಬೋರ್ಡ್ ಹೋದಾಗ ಅದೇ ಬೋರ್ಡ್ ಸಿಗುತ್ತದಾ ಎಂದು ಮೊದಲೇ ತಿಳಿದುಕೊಳ್ಳಿ. ಸಿಗದಿದ್ದರೆ ಅದು ಮೂವತ್ತು ಚಿಲ್ಲರೆ ಕೆಜಿಯ ಗುಜರಿ.

ಮಷಿನ್ ಒಂದಿದ್ದರೆ ಸಾಕಾ?

ಇಲ್ಲ. ಮೂತಿ ಚೂಪಾದ ನೋಸ್ ಪ್ಲೈಯರ್, ಒಳ್ಳೆಯ ಕಟರ್, ತುಂಬಿದ ತೂತಿನಲ್ಲಿ ಜಾಗ ಮಾಡಲು ಮೊಂಡು ಮೊನೆಯ ಆಲ್ (ದಬ್ಬಳ), ಗಟ್ಟನ್ನು ಕಚ್ಚಿ ಹಿಡಿಯುವ ಕೈ ಇಕ್ಕಳವಾದ ಒಂದು ಸ್ಟಾರ್ಟಿಂಗ್ ಕ್ಲ್ಯಾಂಪ್. ಸ್ಟಾರ್ಟಿಂಗ್ ಕ್ಲ್ಯಾಂಪನ್ನು ಬಿಟ್ಟು ಕೊಳ್ಳಬೇಡಿ, ಶುರು ಮಾಡುವಾಗಲೂ, ಗಂಟು ಹಾಕುವಾಗಲೂ, ಏನಾದರೂ ಎಡವಟ್ಟಾದಾಗಲೂ ಅದೇ ಕಾಪಾಡುವುದು. ಗ್ರೊಮೆಟ್, ಅಂದರೆ ಫ್ರೇಮಿನ ತೂತಿನಲ್ಲಿ ಕೂರುವ ಸಣ್ಣ ಪ್ಲಾಸ್ಟಿಕ್ ಕೊಳವೆ, ಬಿಡಿ ಬಿಡಿಯಾಗಿ ಒಂದು ಪೊಟ್ಟಣ ಇರಲಿ. ಒಡೆದ ಗ್ರೊಮೆಟ್ ಮೇಲೆ ಗಟ್ ಹಾಕಿದರೆ ಕಾರ್ಬನ್ ಅಂಚು ಗಟ್ಟನ್ನು ಕೊಯ್ಯುತ್ತದೆ, ಎರಡೇ ದಿನದಲ್ಲಿ ಅಲ್ಲೇ ಕಡಿಯುತ್ತದೆ, ಬೈಗುಳ ನಿಮಗೆ.

ಬೆಳಕು ಚೆನ್ನಾಗಿರಬೇಕು. ನಲವತ್ತು ದಾಟಿದವರು ಕನ್ನಡಕ ಹುಡುಕಿಟ್ಟುಕೊಳ್ಳಿ.

ಯಾವ ಗಟ್ ತರಬೇಕು? ಬಿಡಿ ಸೆಟ್ಟೋ ರೀಲೋ?

ಒಂದು ಸೆಟ್ 10 ಮೀಟರ್, ಒಂದು ರೀಲ್ 200 ಮೀಟರ್. ಅಂದರೆ ರೀಲಿನಲ್ಲಿ 20 ಬ್ಯಾಟ್. ವರ್ಷಕ್ಕೆ ಇಪ್ಪತ್ತು ಬ್ಯಾಟ್ ಆಗದಿದ್ದರೆ ರೀಲ್ ಬೇಡ, ನಮ್ಮ ಹವೆಯಲ್ಲಿ ಹಳೆಯದಾಗುತ್ತದೆ.

ಕಲಿಯುವಾಗ ಯೋನೆಕ್ಸ್ ಬಿಜಿ 65 ಹಾಕಿ. 0.70 ಮಿಲಿಮೀಟರ್ ದಪ್ಪ, ಗಟ್ಟಿಮುಟ್ಟು, ಕೈ ತಪ್ಪಿದರೂ ಸಹಿಸಿಕೊಳ್ಳುತ್ತದೆ. ಬಿಜಿ 80 ಅಂದರೆ 0.68, ಸ್ಮ್ಯಾಶ್ ಹೊಡೆಯುವವರಿಗೆ ಇಷ್ಟ. ಬಿಜಿ 66 ಅಲ್ಟಿಮ್ಯಾಕ್ಸ್ 0.65, ಸದ್ದು ಚೆಂದ, ಶಟಲ್ ಪಟ್ಟನೆ ಚಿಮ್ಮುತ್ತದೆ, ಆದರೆ ಬೇಗ ಕಡಿಯುತ್ತದೆ. ಎಕ್ಸ್‌ಬೋಲ್ಟ್ 63 ಇನ್ನೂ ತೆಳು. ಗಟ್ ತೆಳ್ಳಗಾದಷ್ಟೂ ಚುರುಕು, ಬಾಳಿಕೆ ಕಡಿಮೆ, ಇದಕ್ಕೆ ಮದ್ದಿಲ್ಲ. ಬಯಲಲ್ಲಿ ಪ್ಲಾಸ್ಟಿಕ್ ಶಟಲ್‌ನಲ್ಲಿ ಆಡುವವರಿಗೆ ತೆಳು ಗಟ್ ಸುಮ್ನೆ ದಂಡ.

ನಕಲಿ ಗಟ್ ಇದೆ, ಹುಷಾರು. ಅರ್ಧ ಬೆಲೆಗೆ ರೀಲ್ ಸಿಕ್ಕರೆ ಯಾಕೆ ಎಂದು ಯೋಚನೆ ಮಾಡಿ.

ಎಷ್ಟು ಪೌಂಡ್ ಹಾಕಬೇಕು?

ಮೊದಲು ಬ್ಯಾಟಿನ ಮೇಲೆ, ಹಿಡಿಕೆ ಮುಗಿಯುವ ಕೋನಿನ ಹತ್ತಿರ ಬರೆದದ್ದನ್ನು ಓದಿ. ಅಲ್ಲಿ ಗರಿಷ್ಠ ಎಷ್ಟು ಎಂದು ಇರುತ್ತದೆ. ಅದನ್ನು ದಾಟಿದರೆ ಕಂಪನಿ ವಾರಂಟಿ ಕೊಡುವುದಿಲ್ಲ.

ನಮ್ಮ ಹುಡುಗರದ್ದು ಒಂದು ಹುಚ್ಚು ಇದೆ. ಟೀವಿಯಲ್ಲಿ ಆಡುವವರು 30 ಪೌಂಡ್ ಹಾಕುತ್ತಾರಂತೆ, ನಮಗೂ ಹಾಕಿ ಎನ್ನುತ್ತಾರೆ. ಬಿಗಿ ಹೆಚ್ಚಿದಷ್ಟೂ ಗಟ್ಟಿನ ಚಿಮ್ಮುವ ಗುಣ ಕಡಿಮೆ, ಶಟಲ್ಲಿಗೆ ವೇಗ ನಿಮ್ಮ ತೋಳಿನಿಂದಲೇ ಬರಬೇಕು. ಬ್ಯಾಟಿನ ನಡುವಿನ ಒಳ್ಳೆಯ ಜಾಗವೂ ಕಿರಿದಾಗುತ್ತದೆ, ಸ್ವಲ್ಪ ಆಚೀಚೆ ತಾಗಿದರೆ ಶಟಲ್ ಅರ್ಧ ಕೋರ್ಟ್ ದಾಟುವುದಿಲ್ಲ, ಮೊಣಕೈ ನೋವು ಬೇರೆ. ಹೊಸಬರಿಗೆ 20ರಿಂದ 22, ವಾರದಲ್ಲಿ ನಾಲ್ಕೈದು ದಿನ ಆಡುವವರಿಗೆ 23ರಿಂದ 25, ನಿಜವಾಗಿ ಸ್ಮ್ಯಾಶ್ ಹೊಡೆಯಬಲ್ಲವರಿಗೆ 26, 27. ಅದಕ್ಕಿಂತ ಮೇಲೆ ಕೇಳುವವರಿಗೆ ಮೊದಲು ಒಮ್ಮೆ 25ರಲ್ಲಿ ಆಡಿ ಬಾ ತಮ್ಮಾ ಎನ್ನಿ.

ಅಡ್ಡದ ಎಳೆಗೆ ಉದ್ದದ್ದಕ್ಕಿಂತ ಒಂದೆರಡು ಪೌಂಡ್ ಜಾಸ್ತಿ ಹಾಕುವುದು ರೂಢಿ. ಫ್ರೇಮಿನ ಆಕಾರ ಸರಿ ಬರಲಿ ಎಂದು. ಕೆಲವು ತಕ್ಕಡಿ, ಮಷಿನ್‌ಗಳಲ್ಲಿ ಕೆಜಿ ಇರುತ್ತದೆ: 22 ಪೌಂಡ್ ಅಂದರೆ ಸುಮಾರು 10 ಕೆಜಿ, 24 ಅಂದರೆ 10.9, 26 ಅಂದರೆ 11.8.

ಕಲಿಯಲು ಎಷ್ಟು ಕಷ್ಟ?

ಬುಟ್ಟಿ ಹೆಣೆಯುವಷ್ಟು. ಮೇಲೆ, ಕೆಳಗೆ, ಮೇಲೆ, ಕೆಳಗೆ, ಅಷ್ಟೇ. ಮೊದಲ ಬ್ಯಾಟಿಗೆ ಎರಡು ಮೂರು ತಾಸು ಬೇಕು. ಕೈ ಕುದುರಿದ ಮೇಲೆ ಡ್ರಾಪ್ ವೇಯ್ಟಿನಲ್ಲಿ ಮುಕ್ಕಾಲು ತಾಸಿನಿಂದ ಒಂದು ತಾಸು. ಯಾರದ್ದಾದರೂ ಬಿಸಾಡಿದ, ಬಿರುಕಿಲ್ಲದ ಬ್ಯಾಟ್ ತಂದು 18 ಪೌಂಡಿನಲ್ಲಿ ಕಲಿಯಿರಿ.

ಹಳೆಯ ಗಟ್ ತೆಗೆಯುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಯಾವ ತೂತಿನಲ್ಲಿ ಎರಡು ಎಳೆ ಹೋಗಿದೆ, ಗಂಟು ಎಲ್ಲಿದೆ ಎಂಬುದು ಆಮೇಲೆ ನೆನಪಿರುವುದಿಲ್ಲ, ಮತ್ತು ಬ್ಯಾಟಿನಿಂದ ಬ್ಯಾಟಿಗೆ ಇದು ಬೇರೆ. ಗಟ್ಟನ್ನು ಎರಡು ತುಂಡು ಮಾಡಿಕೊಂಡರೆ ಸುಲಭ: ಉದ್ದಕ್ಕೆ ಸುಮಾರು ಐದೂವರೆ ಮೀಟರ್, ಅಡ್ಡಕ್ಕೆ ನಾಲ್ಕೂವರೆ. ನಾಲ್ಕು ಗಂಟು ಬರುತ್ತದೆ. ಉದ್ದದ ಎಳೆ ನಡುವಿನಿಂದ ಶುರು ಮಾಡಿ ಎಡ, ಬಲ ಎಂದು ಸರದಿಯಲ್ಲಿ ಹೋಗಿ. ಒಂದು ಕಡೆ ಎರಡು ಮೂರು ಎಳೆಗಿಂತ ಮುಂದೆ ಹೋಗಬೇಡಿ, ಫ್ರೇಮ್ ಒಂದು ಕಡೆಗೆ ವಾಲುತ್ತದೆ.

ಅಡ್ಡದ ಎಳೆ ತೂರಿಸಿದ ಮೇಲೆ ಜೋರಾಗಿ ಸರ್ರನೆ ಎಳೆಯಬೇಡಿ. ನೈಲಾನ್ ಮೇಲೆ ನೈಲಾನ್ ಉಜ್ಜಿದರೆ ಬಿಸಿಯಾಗಿ ಗೀರು ಬೀಳುತ್ತದೆ, ಹೊಸ ಗಟ್ ಅಲ್ಲಿಂದಲೇ ಹೋಗುತ್ತದೆ. ಎಳೆಯುವಾಗ ಗಟ್ಟನ್ನು ಮೇಲೆ ಕೆಳಗೆ ಆಡಿಸುತ್ತಾ ಬನ್ನಿ, ಒಂದೇ ಜಾಗ ಉಜ್ಜದ ಹಾಗೆ. ಎರಡು ಸಾಲಿಗೊಮ್ಮೆ ನಿಂತು ನೇಯ್ಗೆ ತಪ್ಪಿದೆಯಾ ನೋಡಿ. ಹತ್ತು ಸಾಲು ಮುಗಿದ ಮೇಲೆ ಮೂರನೇ ಸಾಲಿನ ತಪ್ಪು ಕಂಡರೆ ಅಳು ಬರುತ್ತದೆ.

ಆಡುತ್ತಿದ್ದಾಗ ಒಂದು ಎಳೆ ಕಡಿಯಿತು. ಉಳಿದದ್ದನ್ನು ಹಾಗೇ ಬಿಡಬಹುದಾ?

ಬಿಡಬೇಡಿ. ಎಳೆತ ಒಂದು ಕಡೆ ಹೋಗಿ ಇನ್ನೊಂದು ಕಡೆ ಉಳಿದರೆ ಫ್ರೇಮ್ ತಿರುಚಿಕೊಳ್ಳುತ್ತದೆ. ಆದಷ್ಟು ಬೇಗ, ನಡುವಿನಿಂದ ಶುರು ಮಾಡಿ ಉದ್ದ ಒಂದು, ಅಡ್ಡ ಒಂದು ಎಂದು ಹೊರಗಿನ ಕಡೆಗೆ ಕತ್ತರಿಸುತ್ತಾ ಹೋಗಿ. ಬ್ಯಾಟ್ ಕಳಿಸುವವರಿಗೂ ಇದನ್ನೇ ಹೇಳಿಡಿ, ಎಷ್ಟೋ ಫ್ರೇಮ್ ನಿಮ್ಮ ಕೈಗೆ ಬರುವ ಮೊದಲೇ ಸತ್ತಿರುತ್ತದೆ.

ಬೇರೆಯವರ ಬ್ಯಾಟ್ ನನ್ನ ಮಷಿನ್ನಿನಲ್ಲಿ ಒಡೆದರೆ?

ಮೊದಲೇ ಮಾತಾಡಿಕೊಳ್ಳಿ. ಬ್ಯಾಟ್ ಕೈಗೆ ಬಂದ ಕೂಡಲೇ ಅವರ ಎದುರೇ ಫ್ರೇಮಿನ ಸುತ್ತ ಬೆರಳಾಡಿಸಿ ನೋಡಿ. ಗಡಿಯಾರದ ಹತ್ತು ಮತ್ತು ಎರಡರ ಜಾಗದಲ್ಲಿ ಬಣ್ಣದಲ್ಲಿ ಕೂದಲಿನಂಥ ಗೆರೆ ಇದ್ದರೆ ಅದು ಬಿರುಕಿರಬಹುದು. ಡಬಲ್ಸ್‌ನಲ್ಲಿ ಜೊತೆಗಾರನ ಬ್ಯಾಟಿಗೆ ಹೊಡೆದದ್ದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಬಿರುಕು ಕಂಡರೆ ಫೋಟೊ ತೆಗೆದು, "ಒಡೆದರೆ ನನ್ನನ್ನು ಕೇಳಬೇಡಿ" ಎಂದು ಹೇಳಿ, ಒಪ್ಪಿದರೆ ಮಾತ್ರ ಹಾಕಿ. ನೆಂಟರದ್ದಾದರೆ ಇನ್ನೂ ಸ್ಪಷ್ಟವಾಗಿ ಹೇಳಿ.

ಮಷಿನ್ ತೋರಿಸುವ ಪೌಂಡ್ ಸರಿ ಇದೆಯಾ ಎಂದು ಹೇಗೆ ತಿಳಿಯುವುದು?

ಬ್ಯಾಗ್ ತೂಗುವ, ಕೊಕ್ಕೆ ಇರುವ ಸಣ್ಣ ಡಿಜಿಟಲ್ ತಕ್ಕಡಿ ಸಿಗುತ್ತದಲ್ಲ, ಅದೇ ಸಾಕು. ಒಂದು ತುದಿಯಲ್ಲಿ ತಕ್ಕಡಿಯನ್ನು ಬ್ಯಾಟಿನ ಜಾಗಕ್ಕೆ ಕಟ್ಟಿ, ಇನ್ನೊಂದು ತುದಿಯ ಗಟ್ಟನ್ನು ಮಷಿನ್ನಿಗೆ ಕೊಟ್ಟು ಎಳೆಯಿರಿ. 22 ಪೌಂಡಿಗೆ ಇಟ್ಟಾಗ 10 ಕೆಜಿ ಹತ್ತಿರ ತೋರಿಸಬೇಕು. ತಕ್ಕಡಿಯನ್ನೇ ನಂಬುವುದು ಹೇಗೆ ಅಂದರೆ, ಐದು ಕೆಜಿ ಅಕ್ಕಿ ಚೀಲ ತೂಗಿ ನೋಡಿ.

ಹಾಕಿದ ಮರುದಿನ ಬ್ಯಾಟ್ ಸ್ವಲ್ಪ ಸಡಿಲ ಅನ್ನಿಸಿದರೆ ಮಷಿನ್ನನ್ನು ಬೈಯಬೇಡಿ. ಗಟ್ ಮೊದಲ ದಿನವೇ ಒಂದಿಷ್ಟು ಬಿಗಿ ಕಳೆದುಕೊಳ್ಳುತ್ತದೆ. ಆಮೇಲೆ ನಿಧಾನ ಇಳಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬ್ಯಾಟ್ ಬಿಟ್ಟವರದ್ದು ಇನ್ನೂ ಬೇಗ.

ಮಕ್ಕಳ ಮುನ್ನೂರು ರೂಪಾಯಿ ಬ್ಯಾಟಿಗೂ ಗಟ್ಟಿಂಗ್ ಮಾಡಬಹುದಾ?

ಬೇಡ. ಕಬ್ಬಿಣದ ದಂಡಕ್ಕೆ ಜೋಡಿಸಿದ ಆ ಫ್ರೇಮ್ ಬಿಗಿ ತಡೆಯುವುದಿಲ್ಲ, ಗಟ್ಟಿನ ಬೆಲೆ ಬ್ಯಾಟಿಗಿಂತ ಜಾಸ್ತಿ ಆಗುತ್ತದೆ. ಹೊಸದು ಕೊಡಿಸಿ.

ಅದೇ ಮಷಿನ್ನಿನಲ್ಲಿ ಟೆನಿಸ್ ಬ್ಯಾಟ್ ಆಗುತ್ತದಾ?

ಟೆನಿಸ್‌ಗೆ 50ರಿಂದ 60 ಪೌಂಡ್ ಬೇಕಾಗುತ್ತದೆ, ಗಟ್ ಸುಮಾರು 1.20ರಿಂದ 1.35 ಮಿಲಿಮೀಟರ್, ಸೆಟ್ 12 ಮೀಟರ್. ಬ್ಯಾಡ್ಮಿಂಟನ್‌ಗೆಂದೇ ಮಾಡಿದ ಮಷಿನ್ ಅಷ್ಟು ಎಳೆಯುವುದಿಲ್ಲ, ಒತ್ತಾಯ ಮಾಡಿದರೆ ಹಾಳಾಗುತ್ತದೆ. ಎರಡೂ ಬೇಕಾದರೆ ಎರಡಕ್ಕೂ ಎಂದೇ ಮಾಡಿದ ಮಷಿನ್, ಎರಡು ಜೋಡಿ ಕ್ಲ್ಯಾಂಪ್. ಒಳ್ಳೆಯ ಸುದ್ದಿ ಏನೆಂದರೆ ಟೆನಿಸ್ ಬ್ಯಾಟಿನಲ್ಲಿ 16 ಉದ್ದ, 19 ಅಡ್ಡದಷ್ಟು ಎಳೆ ಮಾತ್ರ, ಬೇಗ ಮುಗಿಯುತ್ತದೆ.

ಇದರಿಂದ ನಾಲ್ಕು ಕಾಸು ಸಂಪಾದಿಸಬಹುದಾ?

ಕೈಖರ್ಚಿಗೆ ಆಗುತ್ತದೆ, ಸಂಸಾರ ನಡೆಯುವುದಿಲ್ಲ. ಒಳಾಂಗಣ ಕೋರ್ಟ್ ಇರುವ ಊರಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪ ಕೆಲಸ ಬರುತ್ತದೆ. ಬಯಲ ಆಟ ಮಾತ್ರ ಇರುವ ಹಳ್ಳಿಯಲ್ಲಿ ಡಿಸೆಂಬರ್‌ನಿಂದ ಮೇವರೆಗೆ. ಟೂರ್ನಿ ಹಿಂದಿನ ದಿನ ರಾತ್ರಿ ಒಂಬತ್ತಕ್ಕೆ ಏಳು ಬ್ಯಾಟ್ ಒಟ್ಟಿಗೆ ಬರುತ್ತದೆ, ಎಲ್ಲರಿಗೂ ಬೆಳಿಗ್ಗೆಯೇ ಬೇಕು. ಶಿರಸಿ ಕಡೆಯವರಿಗೆ ಅದೇ ಹೊತ್ತಿಗೆ ಕೊನೆಕೊಯ್ಲು, ಅಡಿಕೆ ಸುಲಿಯುವ ಗಡಿಬಿಡಿ ಬೇರೆ. ಎಷ್ಟು ಗಂಟೆಯವರೆಗೆ ಬ್ಯಾಟ್ ತೆಗೆದುಕೊಳ್ಳುತ್ತೀರಿ ಎಂದು ಮೊದಲ ದಿನವೇ ಹೇಳಿಬಿಡಿ. ಸಾಲ ಬರೆಯಬೇಡಿ. ಪ್ರತಿ ಬ್ಯಾಟಿನ ಹೆಸರು, ಗಟ್, ಪೌಂಡ್, ತಾರೀಕು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. "ಹಿಂದಿನ ಸಲದ ಹಾಗೇ ಹಾಕಿ" ಎಂದು ಬರುವವರೇ ಜಾಸ್ತಿ, ಹಿಂದಿನ ಸಲ ಎಷ್ಟು ಎಂದು ಅವರಿಗೂ ಗೊತ್ತಿರುವುದಿಲ್ಲ.

ಮನೆಯಲ್ಲಿ ಎಲ್ಲಿ ಇಡುವುದು?

ಅಲುಗಾಡದ ಗಟ್ಟಿ ಮೇಜಿನ ಮೇಲೆ, ನಿಂತಾಗ ಬಗ್ಗದೆ ಕೈಗೆ ಸಿಗುವ ಎತ್ತರದಲ್ಲಿ. ಕೂತು ಮಾಡಿದರೆ ಸೊಂಟ ಹಿಡಿಯುತ್ತದೆ. ಡ್ರಾಪ್ ವೇಯ್ಟಿನ ಸರಳು ಕೆಳಗೆ ಬರುವ ದಾರಿಯಲ್ಲಿ ಸಣ್ಣ ಮಕ್ಕಳ ತಲೆ ಬರುವ ಜಾಗ ಬೇಡ. ಊಟದ ಮೇಜು ಎಂದು ಯೋಚಿಸುತ್ತಿದ್ದರೆ ಮನೆಯವರನ್ನು ಕೇಳಿ ಮುಂದುವರಿಯಿರಿ.

ಕತ್ತರಿಸಿದ ಗಟ್ ಏನು ಮಾಡುವುದು? ತೋಟದಲ್ಲಿ ಮೆಣಸಿನ ಬಳ್ಳಿ ಕಟ್ಟಲು ಬರುತ್ತದಾ?

ಬರುವುದಿಲ್ಲ. ಇಷ್ಟು ತೆಳುವಾದ ನೈಲಾನ್ ಬಳ್ಳಿ ದಪ್ಪವಾದಂತೆ ಅದನ್ನೇ ಕೊಯ್ಯುತ್ತದೆ, ಕೊಳೆಯುವುದೂ ಇಲ್ಲ. ಬಚ್ಚಲ ಒಲೆಗೂ ಹಾಕಬೇಡಿ, ಪ್ಲಾಸ್ಟಿಕ್ ಹೊಗೆ. ಕೊಟ್ಟಿಗೆ ಕಡೆ ಬೀಳದ ಹಾಗೆ ಚೂರುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು ಒಣ ಕಸದ ಗಾಡಿಗೆ ಕೊಡಿ.